ಎರಡು ಹಾಡುಗಳ ನಡುವೆ

ಮುಳ್ಳನ್ನು ಪ್ಲೇಟಿನ ಮೇಲೆ ಇಳಿಸುವಾಗ ಪ್ರತಿ ಸಲವೂ ಮಾವ ಬೆನ್ನ ಹಿಂದೆ ನಿಂತು ನೋಡುತ್ತಿದ್ದಾರೆ ಎಂದೇ ಅವನಿಗೆ ಅನಿಸುತ್ತಿತ್ತು. ಮಾವ ತೀರಿಕೊಂಡು ವರ್ಷ ಕಳೆದಿತ್ತು. ಆದರೂ ರೆಕಾರ್ಡ್ ಪ್ಲೇಯರಿನ ತೋಳನ್ನು ಎತ್ತಿ, ತಿರುಗುತ್ತಿರುವ ಕಪ್ಪು ಅಂಚಿನ ಮೇಲೆ ತಂದು, ಉಸಿರು ಬಿಗಿಹಿಡಿದು, ಇನ್ನೇನು ಇಳಿಸಬೇಕು ಎನ್ನುವಷ್ಟರಲ್ಲಿ ಕತ್ತಿನ ಹಿಂಭಾಗ ಬೆಚ್ಚಗಾಗುತ್ತಿತ್ತು. ‘ನೀವು ಬಿಡಿ, ನಿಮ್ಮ ಕೈ ಭಾರ, ಮಗಳು ಹಾಕ್ತಾಳೆ’ ಎನ್ನುವ ದನಿ, ಔಷಧದ ಅಂಗಡಿಯಲ್ಲಿ ಗಿರಾಕಿಗಳೊಡನೆ ಆಡಿ ಆಡಿ ನಯವಾಗಿದ್ದ ಆ ದನಿ, ಕಿವಿಗೆ ಬೀಳುತ್ತಿತ್ತು. ಅವನು ಇಳಿಸಿದ. ಕರ್ ಎಂದು ಒಂದು ಸಣ್ಣ ಸದ್ದು, ಆಮೇಲೆ ಪಿಟೀಲು. ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಪಟ್ಟಿಯೊಂದು ಏರಿ ಇಳಿಯತೊಡಗಿತು. ‘ನೋಡಿದ್ರಾ?’ ಎಂದ ಅವನು, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಯಾರೂ ಇಲ್ಲದ ಕುರ್ಚಿಯ ಕಡೆ ತಿರುಗಿ. ‘ಎಲ್ಲಿ ಗೀಚಿತು? ತೋರಿಸಿ ಮತ್ತೆ, ಎಲ್ಲಿ ಗೀಚಿತು?’

ಪ್ಲೇಟುಗಳು ಮನೆಗೆ ಬಂದದ್ದು ಅತ್ತೆಯ ಜೊತೆಗೆ. ಮಾವ ಹೋದ ಮೇಲೆ ಅತ್ತೆ ಒಂದು ಸೂಟ್‌ಕೇಸಿನಲ್ಲಿ ಹಿಡಿಯುವಷ್ಟು ಬಟ್ಟೆ ತಂದರು, ಮಾವ ಎರಡು ಟ್ರಂಕು ತುಂಬ ಬಂದರು. ಮಲಗುವ ಕೋಣೆಯ ಪಕ್ಕದ ಸಣ್ಣ ಕೋಣೆ, ಅವನು ಭಾನುವಾರ ಕಾಲು ಚಾಚಿ ಪೇಪರು ಓದುತ್ತಿದ್ದ ಕೋಣೆ, ಒಂದೇ ಸಂಜೆಯಲ್ಲಿ ಮಾವನದಾಯಿತು. ಆಮೇಲೆ ಭಾಮೈದ ಫೋನು ಮಾಡಿ, ಹೊಸ ಮನೆಯಲ್ಲಿ ಗಾಜಿನ ಕಪಾಟು ಮಾಡಿಸಿದ್ದೇನೆ, ಅಪ್ಪನ ಪ್ಲೇಟು ನನಗಿರಲಿ ಅಂದಾಗ ಅವನಿಗೆ ಒಳಗೊಳಗೇ ಎಷ್ಟು ಸಂತೋಷವಾಯಿತೆಂದರೆ, ಅದನ್ನು ಮುಚ್ಚಿಡಲು ಎದ್ದು ಹೋಗಿ ನೀರು ಕುಡಿದು ಬಂದ. ಹೆಂಡತಿ ಒಪ್ಪಿದಳು, ಒಂದು ಷರತ್ತು ಹಾಕಿ: ‘ಕೊಡೋಣ, ಅವನಿಗೂ ಅಪ್ಪ ಅಲ್ವಾ. ಆದ್ರೆ ಅದಕ್ಕೆ ಮೊದ್ಲು ಎಲ್ಲಾ ಕಂಪ್ಯೂಟರಿಗೆ ಹಾಕಿಸ್ಕೋಬೇಕು. ಯಾರಾದ್ರೂ ಗೊತ್ತಿರೋರನ್ನ ಕರೆಸ್ತೀನಿ.’ ‘ಯಾರೂ ಬೇಡ, ನಾನೇ ಮಾಡ್ತೀನಿ’ ಎಂದು ಅವನ ಬಾಯಿಂದ ಬಂದುಬಿಟ್ಟಿತು. ‘ನೀವಾ?’ ಅಂದಳು. ಅಂದದ್ದಕ್ಕಿಂತ ಹೆಚ್ಚಾಗಿ, ಅನ್ನುವಾಗ ಅವಳ ಕಣ್ಣು ಅವನ ಮುಖದ ಮೇಲೆ ಇರಲಿಲ್ಲ, ಕೈಗಳ ಮೇಲಿತ್ತು. ಆ ನೋಟವನ್ನು ಅವನು ಇಷ್ಟು ವಾರಗಳಾದರೂ ನುಂಗಿಕೊಂಡಿರಲಿಲ್ಲ. ಅಪ್ಪನ ಕಣ್ಣು ಮಗಳ ಮುಖದಲ್ಲಿ ಇಷ್ಟು ಚೆನ್ನಾಗಿ ಕೂತಿದೆಯಲ್ಲ ಎಂದುಕೊಂಡಿದ್ದ.

ಇನ್ನೊಬ್ಬ ಗಂಡಸಿನ ಮೇಲೆ ಹೊಟ್ಟೆಕಿಚ್ಚು ಎಂದರೆ ಜನಕ್ಕೆ ಅರ್ಥವಾಗುತ್ತದೆ. ಹೇಳಿಕೊಂಡರೆ ಸ್ನೇಹಿತರು ಬೆನ್ನು ತಟ್ಟುತ್ತಾರೆ. ಮಾವನ ಮೇಲೆ, ಅದೂ ಸತ್ತ ಮಾವನ ಮೇಲೆ, ಯಾರಿಗೂ ಒಂದು ಕೆಟ್ಟ ಮಾತು ಆಡದೆ ಬದುಕಿದ ಮನುಷ್ಯನ ಮೇಲೆ ಹೊಟ್ಟೆ ಉರಿಯುತ್ತದೆ ಎಂದು ಯಾರ ಮುಂದೆ ಹೇಳುವುದು? ಮದುವೆಯಾದ ಹೊಸದರಲ್ಲಿ ಅವಳು ಒಮ್ಮೆ ಅವನ ಮುಖವನ್ನು ಎರಡು ಅಂಗೈಗಳ ನಡುವೆ ಹಿಡಿದಿದ್ದಳು. ಬೆರಳು ತಾಗಿಸದೆ, ಬರೀ ಅಂಗೈಯ ಅಂಚಿನಿಂದ, ದವಡೆಯ ಎರಡೂ ಬದಿಗೆ ಹಗುರವಾಗಿ ಒತ್ತಿ. ಹಾಗೆ ಯಾರೂ ಅವನನ್ನು ಹಿಡಿದಿರಲಿಲ್ಲ. ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಪ್ಲಾಸ್ಟರು ಕಲಸುತ್ತಾ ಇಡೀ ವಾರ ಅದನ್ನೇ ನೆನೆದಿದ್ದ. ಆಮೇಲೆ ಮೊದಲ ಸಲ ಮಾವನ ಮನೆಗೆ ಊಟಕ್ಕೆ ಹೋದಾಗ, ಊಟವಾದ ಮೇಲೆ ಮಾವ ಸೋಪು ಹಚ್ಚಿ ಕೈ ತೊಳೆದು, ಒರೆಸಿ, ಮಗಳನ್ನು ಕೂಗಿದರು. ಅವಳು ಕವರಿನಿಂದ ಒಂದು ಪ್ಲೇಟನ್ನು ಜಾರಿಸಿ, ಬೆರಳು ತಾಗಿಸದೆ, ಬರೀ ಅಂಗೈಯ ಅಂಚಿನಿಂದ, ಎರಡೂ ಬದಿಗೆ ಹಗುರವಾಗಿ ಒತ್ತಿ ಹಿಡಿದಳು. ‘ತುದಿ ಹಿಡೀಬೇಕು. ನಡುವೆ ಬೆರಳು ಬಿದ್ರೆ ಹಾಳು’ ಎಂದರು ಮಾವ, ಅವನಿಗೆ ತಿಳಿಸಿ ಹೇಳುವಂತೆ. ಅವನಿಗೆ ತಿಳಿಯಿತು. ಈಗಲೂ ಅವಳು ಕನ್ನಡಿ ಒರೆಸುವಾಗ, ಫೋಟೋ ನೋಡುವಾಗ, ತೊಳೆದ ತಟ್ಟೆಗಳನ್ನು ಗೂಡಿನಲ್ಲಿ ಜೋಡಿಸುವಾಗಲೂ ಹಾಗೆಯೇ ಹಿಡಿಯುವುದು. ಮನೆಯ ಯಾವ ಸಾಮಾನಿನ ಮೇಲೂ ಅವಳ ಬೆರಳಿನ ಗುರುತಿಲ್ಲ, ಎಲ್ಲೆಲ್ಲೂ ಮಾವನದೇ.

ಈ ಕೆಲಸದಲ್ಲಿ ಅವಸರ ನಡೆಯುವುದಿಲ್ಲ ಎಂದು ಶುರು ಮಾಡಿದ ಮೇಲೆ ತಿಳಿಯಿತು. ಕಾಗದವನ್ನು ಯಂತ್ರದ ಮೇಲಿಟ್ಟು ನಕಲು ತೆಗೆದಂತಲ್ಲ. ಪ್ಲೇಟು ಎಷ್ಟು ಹೊತ್ತು ಹಾಡುತ್ತದೋ ಅಷ್ಟು ಹೊತ್ತೂ ಕಂಪ್ಯೂಟರು ಕೇಳಬೇಕು, ಕಂಪ್ಯೂಟರಿನ ಪಕ್ಕ ಒಬ್ಬರು ಕೂತಿರಬೇಕು. ಒಂದು ಬದಿ ಮುಗಿದರೆ ತಿರುವಿಹಾಕಬೇಕು. ಮಾವ ಎಷ್ಟು ವರ್ಷ ಎಷ್ಟು ಸಂಜೆ ಸುಖಪಟ್ಟರೋ ಅದನ್ನೆಲ್ಲ ಈಗ ಅವನು ಒಂದು ನಿಮಿಷವೂ ಬಿಡದೆ ಮೊದಲಿನಿಂದ ಕೇಳಬೇಕಾಗಿತ್ತು. ಪ್ಲೇಯರಿನಿಂದ ಒಂದು ವೈರು ಕಂಪ್ಯೂಟರಿಗೆ ಹೋಗಿತ್ತು. ಸ್ಪೀಕರನ್ನು ಅವನು ಸಣ್ಣಗೆ ಇಟ್ಟುಕೊಂಡಿದ್ದ, ಬದಿ ಮುಗಿದದ್ದು ಗೊತ್ತಾಗಲಿ ಎಂದಷ್ಟೇ. ಹಳೆಯ ಮರದ ಹಲಗೆಯ ನೆಲ, ಯಾರಾದರೂ ಜೋರಾಗಿ ನಡೆದರೆ ಮುಳ್ಳು ಎಗರುತ್ತಿತ್ತು. ಹೀಗಾಗಿ ಭಾನುವಾರ ಬೆಳಗಿನ ಹೊತ್ತು ಮನೆಯಲ್ಲಿ ಯಾರೂ ಓಡಾಡಬಾರದು, ಬಾಗಿಲು ತಟ್ಟಬಾರದು ಎಂದು ಅಪ್ಪಣೆ ಹೊರಡಿಸಿದ. ಅತ್ತೆ ತುದಿಗಾಲಲ್ಲಿ ಅಡುಗೆಮನೆಗೆ ಹೋಗುವುದು, ಹೆಂಡತಿ ಪಿಸುದನಿಯಲ್ಲಿ ಫೋನಿನಲ್ಲಿ ಮಾತಾಡುವುದು ಬಾಗಿಲಾಚೆಯಿಂದ ಕೇಳಿಸುತ್ತಿತ್ತು. ಈ ಮನೆಯಲ್ಲಿ ಅವನ ಸಲುವಾಗಿ ಯಾರಾದರೂ ದನಿ ತಗ್ಗಿಸಿದ್ದು ಇದೇ ಮೊದಲು. ಅದೂ ಅವನ ಸಲುವಾಗಿ ಅಲ್ಲ ಎಂದು ನೆನಪಾದಾಗ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಹಾಗೆ ಶುರುವಾದದ್ದು ಮಾತು. ಮೊದಲ ಭಾನುವಾರ ಒಂದೆರಡು ಮಾತು, ಹಲ್ಲು ಕಚ್ಚಿಕೊಂಡು. ಎರಡನೆಯ ಭಾನುವಾರದ ಹೊತ್ತಿಗೆ ಖಾಲಿ ಕುರ್ಚಿಯನ್ನು ಎದುರಿಗೆ ಎಳೆದುಕೊಂಡಿದ್ದ. ಮಾವ ಬದುಕಿದ್ದಾಗ ಅವರ ಮುಂದೆ ಅವನ ಬಾಯಿಗೆ ಬೀಗ ಬೀಳುತ್ತಿತ್ತು. ಹವೆ ಹೇಗಿದೆ, ಕೆಲಸ ಹೇಗಿದೆ, ಅಷ್ಟೇ. ಅವನ ಕೆಲಸಕ್ಕೆ ಅವರು ‘ಪ್ಲಾಸ್ಟರಿನ ಕೆಲಸ’ ಎನ್ನುತ್ತಿದ್ದರು, ಗೋಡೆ ಕಟ್ಟುವವನಿಗೆ ಅಂದಂತೆ. ದಂತವೈದ್ಯರು ಕಳಿಸುವ ಬಾಯಿಯ ಅಚ್ಚುಗಳಿಗೆ ಹಲ್ಲಿನ ಸೆಟ್ಟು ಮಾಡಿಕೊಡುವವನು ಅವನು. ಮೇಣದ ಮೇಲೆ ಒಂದೊಂದೇ ಹಲ್ಲು ನಿಲ್ಲಿಸಿ, ಕೂದಲೆಳೆಯಷ್ಟು ತೇದು, ಮತ್ತೆ ತೇದು, ಕಚ್ಚಿದರೆ ಸದ್ದಾಗದಂತೆ ಕೂರಿಸುವವನು. ಆ ಕೈ ಭಾರವಂತೆ! ಕೊನೆಗೆ ಮಾವನಿಗೂ ಹಲ್ಲು ಮಾಡಿಕೊಟ್ಟದ್ದು ಅವನೇ. ಮಾವನ ವಸಡಿನ ಅಚ್ಚು ಅವನ ಮೇಜಿನ ಮೇಲೆ ಹದಿನೈದು ದಿನ ಬಾಯಿ ತೆರೆದುಕೊಂಡು ಕೂತಿತ್ತು. ಬೇರೆ ಯಾರಿಗೂ ಮಾಡದಷ್ಟು ಚೆನ್ನಾಗಿ ಮಾಡಿದ. ಹಾಕಿಕೊಂಡು ನೋಡಿ ಮಾವ ಹೇಳಿದ್ದು ಒಂದೇ ಮಾತು, ‘ಪರವಾಗಿಲ್ಲ.’ ಈಗ ಕುರ್ಚಿಗೆ ಅವನು ಹೇಳಿದ, ‘ಪರವಾಗಿಲ್ಲ ಅಂದ್ರೆ ಏನ್ ಮಾವ? ಅದನ್ನ ಹೇಳಿದ್ದೂ ನನ್ನ ಹಲ್ಲಿಂದ್ಲೇ ಅಲ್ವಾ? ನಿಮ್ಮ ಬಾಯೊಳಗೆ ಇದ್ದದ್ದು ನನ್ನ ಕೈ.’ ಹೇಳಿ ಅವನಿಗೇ ನಗು ಬಂತು. ಒಳ್ಳೆಯ ಮಾತು, ಅವತ್ತೇ ತೋಚಬೇಕಿತ್ತು. ಪ್ಲೇಟಿನೊಳಗೆ ಒಬ್ಬ ಹೆಂಗಸು ಮೂಗಿನಲ್ಲಿ ಹಾಡುತ್ತಿದ್ದಳು, ಅವಳ ಪಾಡಿಗೆ ಅವಳು.

ರೆಕಾರ್ಡಾದದ್ದನ್ನು ಅವನು ತಿರುಗಿ ಕೇಳುತ್ತಿರಲಿಲ್ಲ. ಒಂದು ಸಲ ಕೇಳಿದ್ದೇ ಸಾಕಾಗಿತ್ತು. ಹಾಡು ಹಾಡಾಗಿ ಕತ್ತರಿಸುವುದನ್ನು ಕಣ್ಣಿನಿಂದಲೇ ಮಾಡುತ್ತಿದ್ದ. ಪರದೆಯ ಮೇಲೆ ಸದ್ದು ಒಂದು ಚಿತ್ರವಾಗಿ ಬೀಳುತ್ತದೆ. ಹಾಡಿರುವಲ್ಲಿ ದಟ್ಟ ಪೊದೆ, ಹಾಡು ಮುಗಿದಲ್ಲಿ ಬರೀ ಗೆರೆ. ಆದರೆ ಈ ಪ್ಲೇಟುಗಳಲ್ಲಿ ಎರಡು ಹಾಡುಗಳ ನಡುವೆಯೂ ಗೆರೆ ಸಪಾಟಾಗಿರಲಿಲ್ಲ, ಅಲ್ಲಲ್ಲಿ ಕುರುಚಲು ಎದ್ದಿತ್ತು. ಧೂಳು, ಎಂದುಕೊಂಡ. ಮಖಮಲ್ಲಿನ ಬಟ್ಟೆಯಲ್ಲಿ ಒರೆಸಿ ಒರೆಸಿ ಇಟ್ಟಿದ್ದೆ ಎಂದು ಕೊಚ್ಚಿಕೊಳ್ಳುತ್ತಿದ್ದರಲ್ಲ, ಇಷ್ಟು ಧೂಳು ಎಲ್ಲಿಂದ ಬಂತು? ಲ್ಯಾಬಿನಿಂದ ಸಣ್ಣ ಬ್ರಷ್ಷು ತಂದು ಉಜ್ಜಿದ, ಕುರುಚಲು ಹೋಗಲಿಲ್ಲ, ವಾರ ವಾರಕ್ಕೆ ಹೆಚ್ಚೇ ಆಯಿತು. ಮಾವನ ಪ್ಲೇಟುಗಳಲ್ಲಿ ಹೀಗೊಂದು ಕೊರತೆ ಕಂಡುಹಿಡಿದದ್ದರಿಂದ ಅವನಿಗೆ ಅಂದು ಊಟ ರುಚಿಸಿತು. ಹೆಂಡತಿಗೆ ಹೇಳಿದ ಕೂಡ, ‘ಅಷ್ಟೇನೂ ಚೆನ್ನಾಗಿ ಇಟ್ಟಿಲ್ಲ ನಿಮ್ಮಪ್ಪ.’

ಮೊದಲ ಕಂತನ್ನು ಅವಳ ಫೋನಿಗೆ ಹಾಕಿಕೊಟ್ಟದ್ದು ಅದೇ ರಾತ್ರಿ. ಅವಳು ಆಸ್ಪತ್ರೆಯಲ್ಲಿ ಹೊರರೋಗಿಗಳಿಗೆ ಚೀಟಿ ಬರೆದುಕೊಡುವ ಕೌಂಟರಿನಲ್ಲಿ ಕೂರುತ್ತಿದ್ದಳು. ಹೋಗುತ್ತಾ ಬರುತ್ತಾ ಬಸ್ಸಿನಲ್ಲಿ ಕೇಳುತ್ತೇನೆ ಎಂದಳು. ಮಾರನೆಯ ದಿನ ಸಂಜೆ ಬಂದವಳು ಮುಖ ಊದಿಸಿಕೊಂಡಿದ್ದಳು. ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು. ತುದಿ ಹಿಡಿದು ಇಡುವವಳು ಕುಕ್ಕಿದಳಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು. ಅಪ್ಪನ ನೆನಪಾಗಿ ಸಂಕಟವಾಗಿದೆ ಎಂದು ತಾನೇ ಅರ್ಥ ಮಾಡಿಕೊಂಡು, ಅದಕ್ಕೂ ಮನಸ್ಸಿನಲ್ಲೇ ಮಾವನನ್ನು ಬೈದ. ಎರಡು ದಿನ ಮಾತಿಲ್ಲ. ಮೂರನೆಯ ದಿನ ಇಸ್ತ್ರಿ ಮಾಡುತ್ತಾ, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ನಿಂತವಳು ಇದ್ದಕ್ಕಿದ್ದಂತೆ ನಕ್ಕಳು. ಸಣ್ಣ ನಗು, ಮೂಗಿನಿಂದ ಬರುವಂಥದ್ದು. ಅವನು ಬಾಗಿಲಲ್ಲಿ ನಿಂತಿದ್ದ, ಗುಂಡಿ ಕಿತ್ತ ಅಂಗಿಯೊಂದನ್ನು ಕೈಯಲ್ಲಿ ಹಿಡಿದು. ಅವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ, ಫೋನಿನಲ್ಲಿ ಏನನ್ನೋ ಹಿಂದಕ್ಕೆ ಸರಿಸಿ, ಮತ್ತೆ ಕೇಳಿ, ಮತ್ತೆ ನಕ್ಕಳು. ಆಮೇಲೆ ಅವನದೇ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡಳು. ಇಷ್ಟು ವರ್ಷದಲ್ಲಿ ಅವನು ಹೇಳಿದ ಯಾವ ಮಾತನ್ನು ಅವಳು ಎರಡನೆಯ ಸಲ ಕೇಳಬಯಸಿದ್ದಳು?

ಅಲ್ಲಿಂದ ಅವನಿಗೆ ತಲೆ ಚಿಟ್ಟು ಹಿಡಿಯಿತು. ಲ್ಯಾಬಿನಲ್ಲಿ ಒಂದು ಸೆಟ್ಟಿಗೆ ಕೋರೆಹಲ್ಲನ್ನು ಎಡಬಲ ಅದಲುಬದಲು ಕೂರಿಸಿ, ವೈದ್ಯರಿಂದ ಬೈಸಿಕೊಂಡ. ಅವಳು ಸ್ನಾನಕ್ಕೆ ಹೋದಾಗ ಫೋನು ಎತ್ತಿ ನೋಡಿದ, ಕಳ್ಳನಂತೆ. ನೀಲಿ ಕವರಿನ ಪ್ಲೇಟು, ಎರಡನೆಯ ಬದಿ, ಮೂರನೆಯ ಹಾಡಿನ ಕೊನೆಯಲ್ಲಿ ನಿಂತಿತ್ತು. ಕೇಳಿನೋಡಲು ಇಯರ್‌ಫೋನು ಕಿವಿಗೆ ಇಟ್ಟುಕೊಳ್ಳುವಷ್ಟರಲ್ಲಿ ಬಚ್ಚಲಿನ ಚಿಲಕ ಸದ್ದಾಯಿತು, ಫೋನನ್ನು ಇದ್ದ ಜಾಗದಲ್ಲೇ ಇಟ್ಟುಬಿಟ್ಟ. ಭಾನುವಾರ ಆ ಪ್ಲೇಟನ್ನೇ ಹುಡುಕಿ ತೆಗೆದ. ಬಾಗಿಲು ಮುಚ್ಚಿ, ಮೈಯೆಲ್ಲ ಕಿವಿಯಾಗಿ ಕೇಳಿದ. ಮೂರನೆಯ ಹಾಡು ಸಪ್ಪೆ ಹಾಡು. ಗಂಡಸೊಬ್ಬ ನಿಧಾನವಾಗಿ ಹಾಡುತ್ತಾನೆ, ಹಿಂದೆ ಯಾರೋ ತಂತಿ ಮೀಟುತ್ತಾರೆ, ಮುಗಿಯುತ್ತದೆ. ಆಮೇಲೆ ಕರ್ ಎನ್ನುವ ಖಾಲಿ ಸದ್ದು, ನಾಲ್ಕನೆಯದು. ನಗುವಂಥದ್ದು ಇದರಲ್ಲಿ ಏನಿದೆ? ಮತ್ತೆ ಹಾಕಿದ. ಮತ್ತೆ. ಇದು ಅಪ್ಪ ಮಗಳ ನಡುವಿನದು, ಎಂದುಕೊಂಡ, ಚಿಕ್ಕಂದಿನ ಯಾವುದೋ ತಮಾಷೆ, ಈ ಜಾಗದಲ್ಲಿ ಮಾವ ಏನೋ ಮುಖ ಮಾಡುತ್ತಿದ್ದಿರಬೇಕು, ತನಗೆ ಬಾಗಿಲೇ ಇಲ್ಲದ ಕೋಣೆ ಇದು. ‘ಏನ್ ಮಾಡ್ತಿದ್ರಿ ಇಲ್ಲಿ?’ ಎಂದು ಕುರ್ಚಿಯನ್ನು ಕೇಳಿದ. ‘ಅವಳನ್ನ ಹೇಗೆ ನಗಿಸ್ತಿದ್ರಿ, ಅದನ್ನಾದ್ರೂ ಹೇಳಿ ಹೋಗ್ಬಾರದಿತ್ತಾ?’ ಅಷ್ಟು ಸಲ ಕೇಳಿದ್ದರಿಂದ ಆ ಸಪ್ಪೆ ಹಾಡು ನಾಲಿಗೆಗೆ ಅಂಟಿತು. ಅವನು ಹಾಡುವವನಲ್ಲ. ಮಾವನ ಮನೆಯಲ್ಲಿ ಒಮ್ಮೆ ಕೈಯಿಂದ ತಾಳ ಹಾಕಿದ್ದಕ್ಕೆ ಮಾವ ಕಣ್ಣುಮುಚ್ಚಿಕೊಂಡೇ ‘ಷ್’ ಎಂದಿದ್ದರು. ಈಗ ಅವನು ಗುನುಗಿದ. ಮೊದಲು ಸಣ್ಣಗೆ, ಆಮೇಲೆ ಬಾಯಿ ಬಿಟ್ಟು, ಶ್ರುತಿ ಎಲ್ಲೋ ತಾನೆಲ್ಲೋ. ಷ್ ಎನ್ನುವವರು ಯಾರೂ ಇರಲಿಲ್ಲ. ಅಭ್ಯಾಸಬಲದಿಂದ ರೆಕಾರ್ಡಿಗೂ ಹಾಕಿದ್ದ, ಹಸಿರು ಪಟ್ಟಿ ಕುಣಿಯುತ್ತಿತ್ತು.

ಹೀಗೆ ತಿಂಗಳುಗಳು ಕಳೆದು ಎರಡು ಟ್ರಂಕೂ ಮುಗಿದವು. ಭಾಮೈದ ಕಾರು ತಂದ. ಭಾಮೈದ ಬಂದನೆಂದರೆ ಮನೆ ಅವನ ದನಿಯಿಂದಲೇ ತುಂಬುವುದು. ‘ಎಲ್ಲಿ ಭಾವ, ನಿಮ್ಮ ಸ್ಟುಡಿಯೋ?’ ಎನ್ನುತ್ತಾ ಕೋಣೆಗೆ ನುಗ್ಗಿದವನು ಮೇಲಿದ್ದ ಪ್ಲೇಟೊಂದನ್ನು ಸರಕ್ಕನೆ ಎಳೆದು, ಹೆಬ್ಬೆರಳನ್ನು ನಟ್ಟನಡುವೆ ಊರಿ ಬೆಳಕಿಗೆ ಹಿಡಿದ. ಅತ್ತೆ ಏನೂ ಅನ್ನಲಿಲ್ಲ. ಹೆಂಡತಿ ಏನೂ ಅನ್ನಲಿಲ್ಲ. ಅವನು ಬೆರಳಿನ ಎಣ್ಣೆಗುರುತು ಹೊಳೆಯುವುದನ್ನೇ ನೋಡಿದ. ಮಗನ ಕೈ ಭಾರವಲ್ಲ! ಕಾಫಿ ಕುಡಿಯುತ್ತಾ ಭಾಮೈದ ಹೇಳಿದ, ‘ಹೋಗೋಕೆ ಮೊದ್ಲು ಅಪ್ಪನ ಒಂದು ಹಾಡು ಎಲ್ರೂ ಕೂತು ಕೇಳೋಣ.’ ಅವನು ಕಾಯುತ್ತಿದ್ದದ್ದೇ ಇದಕ್ಕೆ. ದೊಡ್ಡ ಸ್ಪೀಕರನ್ನು ಆಗಲೇ ಕಂಪ್ಯೂಟರಿಗೆ ಜೋಡಿಸಿಟ್ಟಿದ್ದ. ಇಷ್ಟು ಭಾನುವಾರಗಳ ಕೆಲಸವನ್ನು ಎಲ್ಲರೂ ಕೂತು ಕೇಳುತ್ತಾರೆ, ಹೆಂಡತಿ ತಮ್ಮನ ಮುಂದೆ ‘ಇದೆಲ್ಲ ಇವರೇ ಮಾಡಿದ್ದು’ ಎನ್ನುತ್ತಾಳೆ, ಅಲ್ಲಿಗೆ ಮಾವ ಕಾರು ಹತ್ತಿ ಹೊರಡುತ್ತಾರೆ ಎಂದು ಲೆಕ್ಕ ಹಾಕಿದ್ದ. ಅವನು ಕಂಪ್ಯೂಟರಿನ ಕಡೆ ಹೋಗುವಷ್ಟರಲ್ಲಿ ಹೆಂಡತಿ ಎದ್ದು ನಿಂತಳು.

‘ಅದು ಬೇಡ ರೀ. ಪ್ಲೇಟೇ ಹಾಕಿ.’

‘ಯಾಕೆ? ಎಲ್ಲಾ ಇದರಲ್ಲೇ ಇದೆಯಲ್ಲ.’

‘ಇರ್ಲಿ. ಇವತ್ತು ಕಡೇ ದಿನ, ಪ್ಲೇಟೇ ಕೇಳೋಣ. ಕೊಡಿ, ನಾನು ಹಾಕ್ತೀನಿ.’

ನಾನು ಹಾಕ್ತೀನಿ. ಅವನಿಗೆ ಕಿವಿಯವರೆಗೂ ಬಿಸಿಯೇರಿತು. ಕತ್ತಿನ ಹಿಂದೆ ಯಾರೋ ಮೆತ್ತಗೆ ನಕ್ಕಂತಾಯಿತು. ಇಷ್ಟೆಲ್ಲ ಮಾಡಿದ ಮೇಲೂ, ಮುಳ್ಳನ್ನು ನೂರಾರು ಸಲ ಒಂದು ಗೀಚೂ ಬೀಳದಂತೆ ಇಳಿಸಿದ ಮೇಲೂ, ಅವನ ಕೈ ಮುಟ್ಟಿದ್ದು ತಮ್ಮನ ಮುಂದೆ ಕೇಳಿಸಲು ಲಾಯಕ್ಕಿಲ್ಲ! ‘ನಾನು ಮಾಡಿದ್ದನ್ನ ನೀನು ಕೇಳ್ತೀಯಲ್ಲ ದಿನಾ, ಅವನು ಕೇಳಿದ್ರೆ ಏನಾಗುತ್ತೆ?’ ಎಂದ. ದನಿ ತಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಅವಳು ಕೈ ಚಾಚುವಷ್ಟರಲ್ಲಿ, ಹಟಕ್ಕೆ ಬಿದ್ದವನಂತೆ, ನೀಲಿ ಕವರಿನ ಪ್ಲೇಟನ್ನೇ ಹುಡುಕಿ, ಎರಡನೆಯ ಬದಿಯ ಮೂರನೆಯ ಹಾಡನ್ನೇ ಒತ್ತಿದ. ಬೇಕೆಂದೇ ಅದನ್ನೇ ಒತ್ತಿದ. ಅಪ್ಪ ಮಗಳ ಗುಟ್ಟು ಎಲ್ಲರಿಗೂ ಗೊತ್ತಾಗಲಿ.

ಹಾಡು ಬಂತು, ಸ್ವಲ್ಪ ದೂರದಿಂದ ಬಂದಂತೆ, ಬಾವಿಯೊಳಗಿಂದ ಬಂದಂತೆ. ಭಾಮೈದ ಕಣ್ಣು ಮುಚ್ಚಿ ತಲೆದೂಗಿದ. ಹಾಡು ಮುಗಿಯಿತು. ಕುರ್ಚಿಯೊಂದು ಕಿರ್ರೆಂದಿತು. ಯಾರೋ ಗಂಟಲು ಸರಿಮಾಡಿಕೊಂಡರು. ಆಮೇಲೆ ಒಬ್ಬ ಗಂಡಸು, ಎಲ್ಲೋ ಕೇಳಿದ ದನಿ ಎಂದು ಅವನಿಗೆ ಒಂದು ಕ್ಷಣ ಅನಿಸಿದ ದನಿ, ಆರಾಮಾಗಿ ಮಾತಾಡಿದ: ‘ಸುಮ್ನೆ ಕೂತಿದೀರಲ್ಲ, ಹೇಳಿ. ಕೈ ಭಾರ ಅಂದ್ರಿ. ಯಾವ ಹಲ್ಲಿಂದ ಅಂದ್ರಿ? ನಾನು ಮಾಡ್ಕೊಟ್ಟ ಹಲ್ಲಿಂದ. ಮೂರು ಸಲ ತೇದಿದೀನಿ ಮಾವ, ನಿಮಗೆ ನೋವಾಗ್ಬಾರ್ದು ಅಂತ. ನಿಮಗೇನು ನೋವಾಗುತ್ತೆ, ಸತ್ರೂ ನೀವು ಬಿಡಲ್ಲ. ಇವಳು ಇನ್ನೂ ನಿಮ್ಮ ಮಗಳೇ. ನನ್ನ ಹೆಂಡ್ತಿ ಆಗೋದು ಯಾವಾಗ? ಅದನ್ನೂ ನಿಮ್ಮನ್ನೇ ಕೇಳ್ಬೇಕಾ?’ ಭಾಮೈದ ಮೊದಲು ನಕ್ಕ, ಆಮೇಲೆ ನಗು ಬಾಯಲ್ಲೇ ನಿಂತಿತು. ಕಂಪ್ಯೂಟರಿನ ಮುಂದಿದ್ದ ಅವನು ಮೌಸನ್ನು ಅತ್ತಿತ್ತ ಎಳೆದ, ಬಾಣದ ಗುರುತು ಪರದೆಯ ಮೇಲೆ ಎಲ್ಲೆಲ್ಲೋ ಓಡಿತು, ನಿಲ್ಲಿಸುವ ಗುಂಡಿ ಮಾತ್ರ ಸಿಗಲಿಲ್ಲ. ಪಟ್ಟಿಯಲ್ಲಿ ಮುಂದಿನದು ಬಂತು, ಅದೇ ಸಪ್ಪೆ ಹಾಡು, ಇನ್ನೊಂದು ಭಾನುವಾರದ್ದು. ಅದರ ಮೇಲೆ ಆ ಗಂಡಸು ಗುನುಗತೊಡಗಿದ. ಅಪಸ್ವರ. ಹೆಂಡತಿ ಬಂದು, ಅವನನ್ನು ಸರಿಸಿ, ದನಿಯನ್ನು ಪೂರ್ತಿ ತಗ್ಗಿಸಿದಳು. ಭಾಮೈದ ಏನಾದರೂ ಮಾಡಬೇಕಲ್ಲ ಎಂದು ಬಗ್ಗಿ ಪರದೆಯ ಮೂಲೆ ನೋಡಿದ. ‘ಇಲ್ಲಿ ಮೈಕ್ ಅಂತ ಇದೆ ನೋಡಿ ಭಾವ. ವೈರಿನ ಕಡೆಗೆ ಬದಲಾಯಿಸೋದೇ ಮರ್ತಿದೀರಿ. ಇದು ವೈರಿಂದ ತಗೊಂಡೇ ಇಲ್ಲ, ಕಂಪ್ಯೂಟರ್ ಒಳಗಿನ ಮೈಕಿಂದ ತಗೊಂಡಿದೆ. ಇಡೀ ಕೋಣೆನೇ ರೆಕಾರ್ಡಾಗಿದೆ.’ ಎಲ್ಲಾ? ಎಂದು ಅವನು ಕೇಳಲು ಹೋದ, ಕೇಳಲಿಲ್ಲ. ಕುರುಚಲು ನೆನಪಾಯಿತು, ಬ್ರಷ್ಷಿನಿಂದ ಉಜ್ಜಿದ್ದು ನೆನಪಾಯಿತು. ನಾಚಿಕೆಯಿಂದ ನೆಲಕ್ಕೆ ಇಳಿದುಹೋದ.

ಅತ್ತೆ ಕಾಫಿ ಲೋಟವನ್ನು ಕೆಳಗಿಟ್ಟರು. ‘ನನ್ನೂ ಮುಟ್ಟೋಕೆ ಬಿಡ್ತಿರ್ಲಿಲ್ಲ ಅವರು’ ಎಂದರು, ಯಾರಿಗೂ ಅಲ್ಲ ಎಂಬಂತೆ. ‘ಮದುವೆಯಾಗಿ ಬಂದಾಗಿಂದ ಒಂದು ಸಲವೂ ಇಲ್ಲ. ನಿನ್ನ ಕೈಲಿ ಅಡುಗೆ ಎಣ್ಣೆ ಇರುತ್ತೆ ಅನ್ನೋರು. ನಾನು ಯಾವತ್ತೂ ಎದುರು ಆಡಲಿಲ್ಲ. ನೀವಾದ್ರೂ ಆಡಿದ್ರಲ್ಲ, ಬಿಡಿ.’ ಆಮೇಲೆ, ‘ಆ ಹಲ್ಲು ಹಾಕ್ಕೊಂಡು ಕನ್ನಡಿ ಮುಂದೆ ನಿಂತು ನಗ್ತಿದ್ರು. ನಾನು ನೋಡಿದ್ರೆ ಬಾಯಿ ಮುಚ್ಕೋತಿದ್ರು’ ಎಂದರು. ಅವನಿಗೆ ಇದನ್ನು ಹೇಗೆ ತೆಗೆದುಕೊಳ್ಳಬೇಕೆಂದು ತಿಳಿಯಲಿಲ್ಲ. ಮಾವ ಕನ್ನಡಿಗೆ ಕೊಟ್ಟ ನಗುವನ್ನು ತನಗೆ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಕನ್ನಡಿಯ ಮೇಲೂ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಭಾಮೈದ ಪ್ಲೇಟುಗಳನ್ನು ಬಿಟ್ಟು ಹೋದ. ಸರಿಯಾಗಿ ಮತ್ತೊಮ್ಮೆ ಮಾಡಿ, ಆಮೇಲೆ ಒಯ್ಯುತ್ತೇನೆ ಎಂದ. ಕಾರಿನ ಸದ್ದು ದೂರವಾದ ಮೇಲೆ ಅವನು ಕೋಣೆಯಲ್ಲಿ ಕೂತಿದ್ದ, ಹೆಂಡತಿ ಬಂದು ಬಾಗಿಲು ಮುಚ್ಚಿಕೊಂಡಳು. ಅವನ ಎದುರಿನ ಕುರ್ಚಿಯಲ್ಲೇ ಕೂತಳು.

‘ನಿಂಗೆ ಮೊದ್ಲೇ ಗೊತ್ತಿತ್ತು’ ಎಂದ.

‘ಮೊದಲ್ನೇ ದಿನದಿಂದ.’

‘ಹೇಳ್ಬೇಕಿತ್ತು.’

‘ಮೊದಲ್ನೇ ದಿನ ಬಸ್ಸಲ್ಲಿ ಕೇಳ್ದಾಗ ನಿಮ್ಮನ್ನ ಸಾಯಿಸಿಬಿಡ್ಬೇಕು ಅನ್ನಿಸ್ತು. ಅಪ್ಪನ ಬಗ್ಗೆ ಹಾಗೆಲ್ಲಾ...’ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ‘ಆಮೇಲೆ, ಇಷ್ಟು ವರ್ಷ ಆಯ್ತು, ನೀವು ಯಾವತ್ತಾದ್ರೂ ನನ್ನ ಹತ್ರ ಇಷ್ಟು ಮಾತಾಡಿದೀರಾ? ಉಪ್ಪು ಕಮ್ಮಿ, ಬಾಗಿಲು ಹಾಕು, ಲೈಟು ಆರಿಸು. ಹೇಳಿದ್ರೆ ನೀವು ಅಲ್ಲಿಗೇ ನಿಲ್ಲಿಸಿಬಿಡ್ತಿದ್ರಿ. ಅದಕ್ಕೇ ಹೇಳಲಿಲ್ಲ.’

ಅವನು ಏನಾದರೂ ಹೇಳಬೇಕಿತ್ತು. ಈಗ, ಇಲ್ಲಿ, ಖಾಲಿಯಲ್ಲದ ಕುರ್ಚಿಯ ಎದುರು. ‘ಎಲ್ಲಾ ಅಳಿಸಿ ಹೊಸದಾಗಿ ಮಾಡ್ತೀನಿ’ ಎಂದ. ಅವಳು ಎದ್ದಳು. ‘ಮಾಡಿ. ಹಳೇದನ್ನ ಮಾತ್ರ ಅಳಿಸ್ಬೇಡಿ’ ಎಂದು, ಹೋಗುತ್ತಾ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು.

ಮತ್ತೆ ಭಾನುವಾರ. ಈ ಸಲ ವೈರು, ಮೈಕು, ಎಲ್ಲವನ್ನೂ ಒಂದಕ್ಕೆ ಎರಡು ಸಲ ನೋಡಿದ. ಚಪ್ಪಾಳೆ ತಟ್ಟಿದ, ಹಸಿರು ಪಟ್ಟಿ ಅಲುಗಲಿಲ್ಲ. ಕೂಗಿದರೂ ಅಲುಗುವುದಿಲ್ಲ. ಮುಳ್ಳು ಇಳಿಸಿದ. ಕತ್ತಿನ ಹಿಂದೆ ಬೆಚ್ಚಗಾಗಲಿಲ್ಲ. ಕುರ್ಚಿ ಎದುರಿಗೇ ಇತ್ತು, ‘ಮಾವ’ ಎಂದ, ಮುಂದಿನ ಮಾತು ಬರಲಿಲ್ಲ. ಈಗ ಏನು ಬೇಕಾದರೂ ಅನ್ನಬಹುದಿತ್ತು, ಯಾರಿಗೂ ಕೇಳಿಸುತ್ತಿರಲಿಲ್ಲ. ಆ ಸಪ್ಪೆ ಹಾಡು ಬಂದಾಗ ಗುನುಗಲು ನೋಡಿದ, ಒಂದು ಸಾಲು ಮುಗಿಯುವಷ್ಟರಲ್ಲಿ ತನ್ನ ದನಿ ತನಗೇ ಕೇಳಿಸಿ ಬಾಯಿ ಮುಚ್ಚಿದ. ಪರದೆಯ ಮೇಲೆ ಎರಡು ಹಾಡುಗಳ ನಡುವೆ ಗೆರೆ ಸಪಾಟಾಗಿ, ತೊಳೆದ ನೆಲದಂತೆ ಬಿದ್ದಿತ್ತು. ಮಾವ ನಿಜವಾಗಿಯೂ ಪ್ಲೇಟುಗಳನ್ನು ಚೆನ್ನಾಗಿ ಇಟ್ಟಿದ್ದರು. ಧೂಳೆಲ್ಲ ಅವನದೇ ಆಗಿತ್ತು. ಬದಿ ಮುಗಿಯಿತು, ತಿರುವಿಹಾಕಬೇಕಾಗಿತ್ತು. ಅವನು ಎದ್ದು ಹೊರಗೆ ಬಂದ.

ಹೆಂಡತಿ ಇಸ್ತ್ರಿ ಮಾಡುತ್ತಿದ್ದಳು. ಕಿವಿಯಲ್ಲಿ ಇಯರ್‌ಫೋನು, ಫೋನು ಮೇಜಿನ ಮೇಲೆ, ಅಂಚಿನಲ್ಲಿ. ಅವಳ ತುಟಿಯ ಒಂದು ಬದಿ ಮೇಲೆದ್ದಿತ್ತು, ನಗುವಿಗೆ ಮೊದಲು ಏಳುವ ಹಾಗೆ. ಅವನು ಬಾಗಿಲಲ್ಲಿ ನಿಂತ. ಅವಳು ನೋಡಲಿಲ್ಲ. ಆ ಗಂಡಸು ಅವಳ ಕಿವಿಯಲ್ಲಿ ಮಾತಾಡುತ್ತಿದ್ದ, ಯಾರಿಗೂ ಹೆದರದೆ, ಯಾವ ಮಾತನ್ನೂ ನುಂಗದೆ, ಬಾಯಿ ಬಿಟ್ಟು ಹಾಡುವ ಧೈರ್ಯ ಕೂಡ ಇದ್ದವನು. ಮಾವನ ಎದುರು ಕೂತು ಮಗಳನ್ನು ಕೇಳಿದವನು. ಇವಳು ಆರಿಸಿಕೊಂಡದ್ದು ಅವನನ್ನು. ಅಂಗಿಯ ಗುಂಡಿಗೆ, ಬಾಗಿಲ ಚಿಲಕಕ್ಕೆ, ಲೈಟಿಗೆ ಮಾತ್ರ ಮಾತು ಇರುವ ಈ ಇನ್ನೊಬ್ಬ ಬಾಗಿಲಲ್ಲಿ ನಿಂತು, ಹಳೆಯ ಉರಿ ಅದೇ ಜಾಗದಲ್ಲಿ, ಪಕ್ಕೆಲುಬಿನ ಕೆಳಗೆ, ಮತ್ತೆ ಹತ್ತಿಕೊಂಡದ್ದನ್ನು ತಿಳಿದ.

‘ಕೇಳಿಲ್ಲಿ’ ಎಂದ. ಅವಳಿಗೆ ಕೇಳಿಸಲಿಲ್ಲ. ಹತ್ತಿರ ಹೋಗಿ, ಅವಳ ತೋಳು ಮುಟ್ಟಿ, ಮತ್ತೆ ಕರೆದ. ‘ಒಂದ್ ಮಾತು ಹೇಳ್ಬೇಕಿತ್ತು.’

ಅವಳು ತಲೆ ಎತ್ತದೆಯೇ ಒಂದು ಕೈಯನ್ನು ಮೇಲೆತ್ತಿ ತಡೆದಳು, ಬೆರಳುಗಳನ್ನು ಚಾಚಿ, ಮೆತ್ತಗೆ.

‘ಒಂದ್ನಿಮಿಷ ಇರಿ’ ಎಂದಳು. ‘ನಮ್ಮನೆಯವರು ಮಾತಾಡ್ತಿದಾರೆ.’